ತಾಳಿ ಹುಡುಕಿದ ಕನ್ನಡಕ

"ಮಂಗಲಾ, ಇಲ್ಲಿ ನೋಡ! ಒಂದಲ್ಲ, ನಾಕೈದು ಸಾಮಾನು ಒಮ್ಮಿಗೇ ಹುಡುಕತೈತಿ ಈ ಕನ್ನಡಕ!"

ಮಗಳ ಮದುವೆಯ ಹಿಂದಿನ ದಿನ, ಮನೆ ತುಂಬ ನೆಂಟರಿರುವಾಗ, ನಮ್ಮ ಮನೆಯವರು ತಾವೇ ತಯಾರಿಸಿದ, ತಂತಿ ಸುತ್ತಿದ ದಪ್ಪ ಕನ್ನಡಕ ಏರಿಸಿಕೊಂಡು ನಿಂತಿದ್ದರು. ಅವರು ಧಾರವಾಡದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸುತ್ತಾರೆ. ಬೇಕಾದ ವಸ್ತುಗಳ ಹೆಸರು ಹೇಳಿದರೆ ಸಾಕು, ಕನ್ನಡಕ ಅವುಗಳ ರೂಪ ನೆನಪಿಟ್ಟುಕೊಂಡು, ಅವನ್ನಷ್ಟೇ ಫಳಫಳ ಹೊಳೆಯಿಸಿ, ಉಳಿದ ಜಗತ್ತನ್ನೆಲ್ಲ ಮಸುಕು ಮಾಡುತ್ತದಂತೆ. ಬೀಗದ ಕೈ, ಬಾಚಣಿಕೆ, ಅಡಕತ್ತರಿ ಮೂರನ್ನೂ ಗಳಿಗೆಯಲ್ಲಿ ಹೆಕ್ಕಿ ತಂದರು. ಬರುವಾಗ ಮಲಗಿದ್ದ ನನ್ನ ತಮ್ಮನನ್ನು ತುಳಿದುಕೊಂಡೇ ಬಂದರು!

"ಅಂವಾ ಕಾಣಲಿಲ್ಲೇನ್ರೀ?"

"ಅಂವನ್ನ ಯಾರ ಹುಡುಕಾಕತ್ತಿದ್ರು?"

ಮರುದಿನ ಕಲ್ಯಾಣ ಮಂಟಪದಲ್ಲಿ, ಇನ್ನೇನು ಅಕ್ಕಿಕಾಳು ಬೀಳಬೇಕು, ತಾಳಿಯೂ ಇಲ್ಲ, ವರನ ಉಂಗುರವೂ ಇಲ್ಲ! ಮಣೆಯ ಮೇಲೆ ಕೂತಿದ್ದ ಮಗಳು ಗಿರಿಜಾ ಅಳತೊಡಗಿದಳು. ಇವರು ಮಾತ್ರ ಹಿಗ್ಗಿನಿಂದ ಕನ್ನಡಕ ಏರಿಸಿದರು.

ಉಂಗುರ ಕೂಡಲೇ ಸಿಕ್ಕಿತು. ಸಿಕ್ಕಿದ್ದೇ ತಪ್ಪಾಯಿತು! ಒಂದು ಸಿಕ್ಕ ಖುಷಿಯಲ್ಲಿ ಕನ್ನಡಕ ಇನ್ನೊಂದನ್ನು ಮರೆತು, ಉಂಗುರದಂಥದ್ದನ್ನೇ ಹುಡುಕತೊಡಗಿತು. ಬಳೆ ತಂದರು, ಜಿಲೇಬಿ ತಂದರು, ಮದುವೆ ಮಾಡಿಸಲು ಬಂದಿದ್ದ ಅಯ್ಯನವರ ಕಿವಿಯ ಮುರುವಿಗೂ ಕೈ ಹಾಕಿದರು!

"ತಾಳಿ ಹುಡುಕ್ರೀ, ತಾಳಿ!" ಎಂದು ಚೀರಿದೆ.

"ತಡಿ, ನೆನಪಿನ ತಿರುಪು ಬಿಗಿ ಮಾಡ್ತೀನಿ!"

ಮಾಡಿದರು ನೋಡಿ! ಈಗ ಮಂಟಪದ ತುಂಬ ತಾಳಿಗಳೇ ಹೊಳೆದವು. ತಾಳಿ ಹಾಕಿಕೊಂಡ ಹೆಂಗಸರು ಮಾತ್ರ ಇವರಿಗೆ ಕಾಣಲಿಲ್ಲ. ಗಾಳಿಯಲ್ಲಿ ತೇಲುತ್ತಿದ್ದ ದೊಡ್ಡದೊಂದನ್ನು "ಸಿಕ್ತು!" ಎನ್ನುತ್ತ ಜಗ್ಗಿದರು. ಅದು ವರನ ತಾಯಿಯ ಕೊರಳಲ್ಲಿತ್ತು.

"ಅಯ್ಯಯ್ಯ! ನನ್ನ ಗಂಡ ಇನ್ನೂ ಬದುಕ್ಯಾನ್ರೀ!" ಎಂದು ಬೀಗತಿ ಕೂಗಿಕೊಂಡರು.

ಬದುಕಿದ್ದ ಗಂಡ ಎದ್ದೇ ನಿಂತು ಮಗನತ್ತ ತಿರುಗಿದರು. "ನಡಿ ತಮ್ಮಾ, ಈ ಮಾಸ್ತರ ಮನಿ ಸಂಬಂಧ ನಮಗ ಬ್ಯಾಡ!"

ನಾನು ಬೀಗರ ಕಾಲು ಹಿಡಿದೆ. ಗಾಬರಿಯಿಂದ ಗಿರಿಜಾ ಮಣೆ ಬಿಟ್ಟೆದ್ದಳು. ಅವಳ ಸೀರೆಯ ನೆರಿಗೆಯೊಳಗಿಂದ ತಾಳಿ ಠಣ್ಣೆಂದು ಕೆಳಗೆ ಬಿತ್ತು!

"ಸಿಕ್ತಲ್ಲಪ್ಪಾ, ಇನ್ನ ಕಟ್ಟತೀನಿ" ಎಂದ ವರ, ಪುಣ್ಯಾತ್ಮ. ಅಪ್ಪನ ಮುಖವನ್ನೂ ನೋಡದೆ ಕಟ್ಟಿಬಿಟ್ಟ.

ಆದರೆ ಕನ್ನಡಕ ತೆಗೆದರೂ ಇವರ ದೃಷ್ಟಿ ಸರಿಹೋಗಲಿಲ್ಲ. ಕಣ್ಣೇ ಆ ಪಾಠ ಕಲಿತುಬಿಟ್ಟಿತ್ತು. ಗಂಡನ ಮನೆಗೆ ಹೊರಟ ಗಿರಿಜಾ ಎದುರಿಗೇ ನಿಂತು, "ಅಪ್ಪಾ, ಹೋಗಿಬರ್ತೀನಿ" ಎಂದಳು.

"ಎಲ್ಲಿದ್ದೀಯವ್ವಾ? ಬರೇ ತಾಳಿ ಕಾಣಾಕತ್ತೇತಿ..." ಇವರು ಗಾಳಿಯಲ್ಲಿ ಕೈಯಾಡಿಸುತ್ತ ಬಿಕ್ಕಿದರು. ಮಗಳು ಆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ನನಗೆ ಅಳಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಕಣ್ಣಿನ ಡಾಕ್ಟರು ಕೈಚೆಲ್ಲಿದ್ದಾರೆ. ಈಗ ಇವರು ದಿನವಿಡೀ ನನ್ನೆದುರು ಕೂತು, ನನ್ನ ಕೊರಳನ್ನೇ ದಿಟ್ಟಿಸುತ್ತ ಮಾತಾಡುತ್ತಾರೆ.

ಮದುವೆಯಾದಾಗಿನಿಂದ ನನ್ನ ಕಡೆ ಇಷ್ಟು ಹೊತ್ತು ನೋಡಿದವರೇ ಅಲ್ಲ.