ಸಾಮಗ್ರಿ ಸಂಖ್ಯೆ ಆರನ್ನು ಹದಿನೈದು ದಿನ ದುರಸ್ತಿಗೆ ಕಳಿಸುವ ಬಗ್ಗೆ

ಇಂದ:
ಸಾಮಗ್ರಿ ಸಂಖ್ಯೆ ೬ (ಅಜ್ಜಿ),
ಜಾರುಬಂಡೆಯ ಎಡಗಡೆಯ ಕುರ್ಚಿ,
ಬಡಾವಣೆಯ ಮಕ್ಕಳ ಆಟದ ಮೈದಾನ.

ಗೆ:
ಮಾನ್ಯ ಅಧಿಕಾರಿಗಳು,
ಆಟದ ಮೈದಾನಗಳ ವಿಭಾಗ,
ಎರಡನೇ ಮಹಡಿ, ಫ್ಯಾನು ಕೆಟ್ಟಿರುವ ಕೋಣೆ.

ವಿಷಯ: ನಾನು ನನ್ನ ಅಕ್ಕನನ್ನು ನೋಡಿ ಬರುವ ಬಗ್ಗೆ.

ಉಲ್ಲೇಖ: ೧) ತಮ್ಮ ಸಾಮಗ್ರಿ ಪಟ್ಟಿ, ಕೊನೆಯ ಸಾಲು.
೨) ಅಕ್ಕನ ಕಾಗದ, ಬಂದು ಹದಿನಾಲ್ಕು ತಿಂಗಳಾಗಿದೆ.

ಮಾನ್ಯರೇ,

ಬಟಾಣಿ ಸುಲಿಯುತ್ತಿದ್ದವಳು ಅರ್ಧಕ್ಕೆ ಬಿಟ್ಟು, ಕೈ ಒರೆಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಕಾಗದದ ಮೇಲೆ ಹಸಿರು ಕಲೆ ಕಂಡರೆ ಅದನ್ನು ಅರ್ಜಿಯ ಭಾಗವೆಂದು ಪರಿಗಣಿಸಬಾರದೆಂದು ವಿನಂತಿ. ರಾತ್ರಿ ಶಾಲೆಯ ಮೇಡಂ ಅವರು "ಆದ್ದರಿಂದ" ಬರೆದ ಮೇಲೆ "ಕಾರಣ" ಬೇಡ ಎಂದಿದ್ದರು. ತಮ್ಮ ಕಚೇರಿಯ ಕಾಗದಗಳಲ್ಲಿ ಎರಡೂ ಇರುತ್ತವೆ. ಆದ್ದರಿಂದ, ಅದೇ ಕಾರಣಕ್ಕೆ, ನಾನೂ ಎರಡನ್ನೂ ಬರೆದಿದ್ದೇನೆ.

೧. ಎರಡು ವರ್ಷದ ಹಿಂದೆ ನಮ್ಮ ಮನೆಯೆದುರಿನ ಖಾಲಿ ಜಾಗದಲ್ಲಿ ಆಟದ ಮೈದಾನ ಮಾಡಲು ತಮ್ಮ ಅಳತೆಯವರು ಬಂದರು. ಅವರ ನಮೂನೆಯಲ್ಲಿ "ಮಕ್ಕಳ ಮೇಲೆ ಕಣ್ಣಿಡುವ ವ್ಯವಸ್ಥೆ" ಎಂಬ ಕಾಲಂ ಖಾಲಿ ಇತ್ತು. ನಾನು ಜಗಲಿಯಲ್ಲಿ ಕುಳಿತು ಗುಂಡಿ ಹೊಲಿಯುತ್ತಿದ್ದೆ.

"ಅಜ್ಜಿ, ದಿನಾ ಇಲ್ಲೇ ಕೂತಿರ್ತೀರಾ?"

"ಇನ್ನೆಲ್ಲಿಗೆ ಹೋಗ್ಲಪ್ಪಾ, ಇಲ್ಲೇ ಇರ್ತೀನಿ."

ಅವರು ಬರೆದುಕೊಂಡರು. ಮಾತಿಗೆ ಹೇಳಿದ್ದೆ, ದಾಖಲೆಗೆ ಹೇಳಿರಲಿಲ್ಲ.

೨. ಮಂಜೂರಾಗಿ ಬಂದ ಪಟ್ಟಿಯಲ್ಲಿ ಜಾರುಬಂಡೆ ಒಂದು, ಉಯ್ಯಾಲೆ ಎರಡು, ಹತ್ತುವ ಏಣಿ ಒಂದು, ಮರಳಿನ ಗುಂಡಿ ಒಂದು, ಅಜ್ಜಿ ಒಂದು ಎಂದಿತ್ತು. ಹಳದಿ ಬಣ್ಣದ ಡಬ್ಬಿ ಹಿಡಿದು ಬಂದ ಪೇಂಟರು ಎಲ್ಲದರ ಮೇಲೂ ಅಂಕಿ ಬರೆದು ನನ್ನ ಬಳಿ ನಿಂತರು. "ಕೈ ಮೇಲೆ ಬರೀಲಾ, ಕುರ್ಚಿ ಮೇಲೆ ಬರೀಲಾ?" ಎಂದು ಮರ್ಯಾದೆಯಿಂದಲೇ ಕೇಳಿದರು. ಕುರ್ಚಿ ಎಂದೆ. ಬಣ್ಣ ಆರುವ ಮೊದಲೇ ಕುಳಿತದ್ದರಿಂದ ಸೀರೆಯ ಮೇಲೂ ಒಂದು ಆರು ಇದೆ, ತಿರುಗುಮುರುಗಾಗಿ.

೩. ತಪಾಸಣೆಯವರು ತಿಂಗಳಿಗೊಮ್ಮೆ ಬಂದು ಪ್ರತಿಯೊಂದು ಸಾಮಗ್ರಿಯನ್ನೂ ಅಲ್ಲಾಡಿಸಿ ನೋಡುತ್ತಾರೆ. ನನ್ನ ಭುಜವನ್ನೂ ಅಲ್ಲಾಡಿಸಿ "ಗಟ್ಟಿ ಇದೆ" ಎಂದು ಬರೆಯುತ್ತಾರೆ. ಕೆಮ್ಮು ಬಂದಿದ್ದ ತಿಂಗಳು "ಶಬ್ದ ಬರುತ್ತದೆ, ಎಣ್ಣೆ ಹಾಕತಕ್ಕದ್ದು" ಎಂದು ಬರೆದರು. ಈ ಬಗ್ಗೆ ನನ್ನ ತಕರಾರಿಲ್ಲ.

೪. ತಕರಾರು ಇರುವುದು ಹಲ್ಲಿನ ವಿಷಯದಲ್ಲಿ. ಒಂದು ಬೆಳಿಗ್ಗೆ ಹಲ್ಲು ಕೀಳಿಸಲು ಹೋಗಿದ್ದಾಗ ತಪಾಸಣೆ ನಡೆದು, "ಸಾಮಗ್ರಿ ಕಾಣೆ" ಎಂದು ಗೇಟಿಗೆ ಬೀಗ ಬಿತ್ತು. ಒಂಬತ್ತು ದಿನ ತೆಗೆಯಲಿಲ್ಲ. ಮಕ್ಕಳು ನಮ್ಮ ಬಾಗಿಲಲ್ಲಿ ಸಾಲಾಗಿ ಕುಳಿತರು. ಅವರಲ್ಲಿ ಒಬ್ಬಳು, ಇಸ್ತ್ರಿ ಅಂಗಡಿಯವರ ಮಗಳು, "ನೀವು ಬಾಯಿ ಮುಚ್ಕೊಂಡು ನೋವು ತಡ್ಕೋಬಹುದಿತ್ತಲ್ಲ ಅಜ್ಜಿ" ಎಂದಳು. ಅಂದಿನಿಂದ ಗೇಟು ತೆರೆದಿರುವ ಹೊತ್ತಿನಲ್ಲಿ ನಾನು ಎಲ್ಲಿಗೂ ಹೋಗಿಲ್ಲ.

೫. ಈ ನಡುವೆ ಅಕ್ಕನ ಕಾಗದ ಬಂದಿದೆ. ಅವಳಿಗೆ ಎಂಬತ್ತೊಂದು. ಪಕ್ಕದ ಮನೆಯವರ ಕೈಲಿ ಬರೆಸಿದ್ದಾಳೆ: "ಕಣ್ಣು ದಿನದಿನಕ್ಕೂ ಮಂಜಾಗ್ತಿದೆ ಕಣೇ. ಇನ್ನೇನೂ ಮಾಡಕ್ಕಾಗಲ್ಲ ಅಂದ್ರು ಡಾಕ್ಟ್ರು. ಬೇಗ ಬಂದ್ರೆ ನಿನ್ನ ಮುಖ ನೋಡ್ತೀನಿ. ತಡ ಮಾಡಿದ್ರೆ ಬರೀ ದನಿ ಕೇಳ್ತೀನಿ." ಉತ್ತರವನ್ನು ನಾನೇ ನನ್ನ ಕೈಯಾರೆ ಬರೆದೆ. ಬರುವ ದಿನ ಯಾವುದೆಂದು ಗೊತ್ತಿಲ್ಲದ ಕಾರಣ ಆ ಜಾಗ ಖಾಲಿ ಬಿಟ್ಟು ಹಾಸಿಗೆಯ ಕೆಳಗೆ ಇಟ್ಟಿದ್ದೆ.

೬. ರಜೆ ಕೇಳಲು ತಮ್ಮ ಕಚೇರಿಗೆ, ಗೇಟು ಮುಚ್ಚುವ ಊಟದ ಹೊತ್ತಿನಲ್ಲಿ ಓಡಿ ಬಂದಿದ್ದೆ. ಗುಮಾಸ್ತರು ಡಬ್ಬಿ ಮುಚ್ಚದೆಯೇ ಹೇಳಿದರು: "ರಜೆ ನೌಕರರಿಗೆ ಅಜ್ಜಿ. ಜಾರುಬಂಡೆ ಯಾವತ್ತಾದ್ರೂ ರಜೆ ಕೇಳಿದ್ಯಾ?"

"ಅದಕ್ಕೆ ಅಕ್ಕ ಇಲ್ವಲ್ಲಪ್ಪಾ."

ಅವರು ಡಬ್ಬಿ ಮುಚ್ಚಿ, ಅದಕ್ಕೆ ನಮೂನೆ ಇಲ್ಲ ಎಂದರು.

೭. ನನ್ನ ಬದಲಿಗೆ ಇಸ್ತ್ರಿ ಅಂಗಡಿಯಾಕೆ ಒಂದು ದಿನ ಕುರ್ಚಿಯಲ್ಲಿ ಕುಳಿತು ನೋಡಿದರು. ತಪಾಸಣೆಯವರು ಅವರನ್ನು ಸುತ್ತಲೂ ನೋಡಿ "ಇದು ಬೇರೆ ಮಾಡೆಲ್" ಎಂದು ತಿರಸ್ಕರಿಸಿದರು. ಆಕೆ ಎರಡು ದಿನ ಅಂಗಡಿಯನ್ನೇ ತೆರೆಯಲಿಲ್ಲ.

೮. ಆದರೆ ಮಾನ್ಯರೇ, ಹೋದ ತಿಂಗಳು ಸಾಮಗ್ರಿ ಸಂಖ್ಯೆ ೩, ಅಂದರೆ ಎರಡನೇ ಉಯ್ಯಾಲೆ, ಸರಪಳಿ ಸವೆದು ಇಪ್ಪತ್ತು ದಿನ ಹೊರಗೆ ಹೋಗಿತ್ತು. ಆಗ ಗೇಟಿಗೆ ಬೀಗ ಬೀಳಲಿಲ್ಲ. ಅದರ ಜಾಗದಲ್ಲಿ "ದುರಸ್ತಿಯಲ್ಲಿದೆ" ಎಂಬ ಹಲಗೆ ತೂಗುಹಾಕಿದರು, ಮಕ್ಕಳು ಉಳಿದದ್ದರಲ್ಲಿ ಆಡಿದರು. ನನಗೂ ಮಂಡಿ ಸವೆದಿದೆ. ಎಡಗಡೆಯದು ಶಬ್ದವನ್ನೂ ಮಾಡುತ್ತದೆ. ಆದ್ದರಿಂದ, ಉಯ್ಯಾಲೆಗೆ ಅನ್ವಯಿಸಿದ ನಿಯಮ ಅಜ್ಜಿಗೂ ಅನ್ವಯಿಸತಕ್ಕ ಕಾರಣ, ನನ್ನನ್ನು ಹದಿನೈದು ದಿನ ದುರಸ್ತಿಗೆ ಕಳಿಸಲಾಗಿದೆ ಎಂದು ನಮೂದಿಸಿ, ಅದೇ ಹಲಗೆಯನ್ನು ಕುರ್ಚಿಗೆ ತೂಗುಹಾಕಿಸಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ ಹಾಗೂ ತಮ್ಮ ದಾಸ್ತಾನಿಗೆ ಸೇರಿದ,
ಸಾಮಗ್ರಿ ಸಂಖ್ಯೆ ೬
(ಸಹಿ ನನ್ನದೇ, ಹೆಬ್ಬೆಟ್ಟಲ್ಲ)

ಅಡಕಗಳು:
೧. ಉಯ್ಯಾಲೆಯ ದುರಸ್ತಿ ಆದೇಶದ ನಕಲು.
೨. ಮಂಡಿಯ ಬಗ್ಗೆ ಡಾಕ್ಟರ ಚೀಟಿ.
೩. ಅಕ್ಕನಿಗೆ ಬರೆದ ಕಾಗದ: ಲಗತ್ತಿಸಿಲ್ಲ. ಈ ಬೆಳಿಗ್ಗೆ ಖಾಲಿ ಬಿಟ್ಟಿದ್ದ ಜಾಗದಲ್ಲಿ "ಸೋಮವಾರ" ಎಂದು ತುಂಬಿ ಅಂಚೆಪೆಟ್ಟಿಗೆಗೆ ಹಾಕಿದ್ದೇನೆ. ಹಾಕಿದ್ದನ್ನು ಹೊರಗೆ ತೆಗೆಯಲು ಬರುವುದಿಲ್ಲವೆಂದು ಅಂಚೆಯವರು ತಿಳಿಸಿದ್ದಾರೆ. ಕಾರಣ, ಹಲಗೆಯನ್ನು ಭಾನುವಾರ ಸಂಜೆಯೊಳಗೆ ಕಳಿಸತಕ್ಕದ್ದು.