ಹಳೇ ಸೆಟ್ಟಿಗೆ ಹೊಸ ಹಲ್ಲು

ಹಲ್ಲು ಕಟ್ಟುವವನು ನಗುವ ಸಂಗತಿ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ, ಅದು ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ನಾನು ಬಲ್ಮಠದ ಒಂದು ಹಲ್ಲಿನ ಕ್ಲಿನಿಕ್ಕಿನ ಹಿಂಬದಿ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುತ್ತಿದ್ದೆ. ನಾಲ್ಕೈದು ಹಲ್ಲಿನ, ತೆಗೆದು ಹಾಕುವ ಸೆಟ್ಟು ಇದ್ದವರಿಗೆ ಪಕ್ಕದ ಇನ್ನೊಂದು ಹಲ್ಲು ಬಿದ್ದರೆ ಹೊಸ ಸೆಟ್ಟು ಬೇಡ, ಹಳೆಯದಕ್ಕೇ ಒಂದು ಸೇರಿಸಿದರಾಯಿತು. ಅದಕ್ಕೆ ಸೆಟ್ಟನ್ನು ಒಂದು ದಿನ ನಮ್ಮಲ್ಲಿ ಬಿಟ್ಟುಹೋಗಬೇಕು, ಅಷ್ಟೆ. ಕೇಳಲು ಎಷ್ಟು ಸುಲಭ!

ಅಜ್ಜಿಯ ಬಿಳಿ ಹಲ್ಲು

ಕುದ್ರೋಳಿಯ ಅಜ್ಜಿಯೊಬ್ಬರು ಎಲೆಯಡಿಕೆ ಜಗಿದು ಜಗಿದು ಸೆಟ್ಟನ್ನು ಹಳೇ ತಾಮ್ರದ ಬಣ್ಣಕ್ಕೆ ತಂದಿದ್ದರು. ನಾನು ಸೇರಿಸಿದ ಹೊಸ ಹಲ್ಲು ಅದರ ನಡುವೆ ಫಳಫಳ ಹೊಳೆಯಿತು. ಕನ್ನಡಿ ನೋಡಿದ್ದೇ ಅಜ್ಜಿ ಕೆಂಡವಾದರು.

"ಎಂತ ಮಗಾ ಇದು? ಕಟ್ಟಿಸಿದ್ದು ಅಂತ ಊರಿಗೆಲ್ಲ ಗೊತ್ತಾಗ್ತದಲ್ಲ!"

"ಅಜ್ಜಿ, ಪಕ್ಕದ ನಾಲ್ಕೂ ಕಟ್ಟಿಸಿದ್ದೇ ಅಲ್ಲವಾ?"

"ಅದು ನಿನಗೆ ಗೊತ್ತುಂಟು, ನನಗೆ ಗೊತ್ತುಂಟು. ನನ್ನ ಸೊಸೆಗೆ ಗೊತ್ತಿಲ್ಲ."

ಬೇರೆ ಬಣ್ಣದ ಹಲ್ಲು ಹಾಕಿಕೊಡುತ್ತೇನೆ ಎಂದೆ. ಅಜ್ಜಿ ಸೊಂಟದ ಚೀಲದಿಂದ ಎಲೆ ತೆಗೆದು ಸುಣ್ಣ ಹಚ್ಚುತ್ತಾ, "ಬೇಡ. ನಿನ್ನ ಕೆಲಸ ಮುಗಿಯಿತು. ಇನ್ನು ಪೈಂಟಿಂಗ್ ನಾನೇ ಮಾಡ್ತೇನೆ" ಎಂದು ಅಲ್ಲೇ ಬೆಂಚಿನಲ್ಲಿ ಕೂತುಬಿಟ್ಟರು.

ಸ್ವಂತ ರಿಪೇರಿ

ಪಣಂಬೂರಿನ ಬಂದರಿನಲ್ಲಿ ಕ್ರೇನ್ ಓಡಿಸುವವರೊಬ್ಬರು ಬಿದ್ದ ತಮ್ಮ ಹಲ್ಲನ್ನೇ ಸೆಟ್ಟಿಗೆ ಸೈಕಲ್ ಪಂಕ್ಚರಿನ ಸೊಲ್ಯೂಶನ್ನಿನಿಂದ ಅಂಟಿಸಿಕೊಂಡು ಬಂದರು. "ನನ್ನ ಹಲ್ಲೇ ಉಂಟಲ್ಲ, ಹೊಸದು ಯಾಕೆ? ಸ್ವಲ್ಪ ಗಟ್ಟಿ ಮಾಡಿಕೊಡಿ, ಸಾಕು" ಎಂದರು.

ನಮ್ಮ ಕ್ಲಿನಿಕ್ಕಿನ ಡಾಕ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಹಿಂದುಮುಂದಾಗಿದೆ ಮಾರಾಯ್ರೇ!"

"ಹೌದಾ? ಹಾಗಾದರೆ ನಾಲಿಗೆಯದ್ದು ತಪ್ಪಿಲ್ಲ. ಹೋಗಿ ಹೋಗಿ ಅಲ್ಲಿಗೇ ತಾಗ್ತದೆ ಅಂತ ಮೂರು ದಿನದಿಂದ ಪಾಪ ಅದಕ್ಕೇ ಬೈತಾ ಇದ್ದೆ."

ಮಾಸ್ಟ್ರ ಟೋಸ್ಟ್

ಕ್ರಿಶ್ಚಿಯನ್ನರ ಮದುವೆಯಲ್ಲಿ ಮದುಮಕ್ಕಳಿಗೆ ಶುಭ ಕೋರುವ ಟೋಸ್ಟ್ ಭಾಷಣ ಮುಗಿಯದೆ ಊಟ ಇಲ್ಲ. ನಮ್ಮಲ್ಲಿಗೆ ಬರುತ್ತಿದ್ದ ರಿಟೈರ್ಡ್ ಹೆಡ್‌ಮಾಸ್ಟ್ರೊಬ್ಬರು ಕುಟುಂಬದ ಎಲ್ಲ ಮದುವೆಗಳಲ್ಲೂ ತಾವೇ ಟೋಸ್ಟ್ ಮಾಡುತ್ತಿದ್ದರು. ತಂಗಿಯ ಮಗಳ ಮದುವೆಯ ಹಿಂದಿನ ದಿನವೇ ಅವರ ಮುಂದಿನ ಹಲ್ಲೊಂದು ಬಿತ್ತು. ಸೆಟ್ಟು ಬಿಚ್ಚಿಕೊಟ್ಟ ಮೇಲೆ ಅವರು ಬಾಯಿ ತೆರೆಯಲೇ ಇಲ್ಲ. ಚೀಟಿಯಲ್ಲಿ ಬರೆದುಕೊಟ್ಟರು: "ನಾನು ಎತ್ತಿ ಆಡಿಸಿದ ಮಗು. ಅವಳಿಗೆ ನಾನೇ ಟೋಸ್ಟ್ ಮಾಡಬೇಕು. ನಾಳೆ ಸಂಜೆ ನಾಲ್ಕಕ್ಕೆ ಸೆಟ್ಟು ಕೊಡಿ."

ಅವರು ಹೋಗಿ ಅರ್ಧ ಗಂಟೆಯಾಗಿರಲಿಲ್ಲ, ಅವರ ಹೆಂಡತಿ ಬಂದರು. "ಅರ್ಜೆಂಟ್ ಮಾಡಬೇಡಿ. ನಾಡಿದ್ದು ಕೊಟ್ಟರೂ ಸಾಕು. ಇವರು ಮೈಕ್ ಹಿಡಿದರೆ ಒಂದು ಗಂಟೆ ಬಿಡುವುದಿಲ್ಲ."

ಆಮೇಲೆ ಮದುಮಗಳ ಅಪ್ಪ ಬಂದರು. "ಕರೆಂಟ್ ಹೋಯ್ತು ಅಂತ ಹೇಳಿಬಿಡಿ ಮಾರಾಯ್ರೇ."

ಮರುದಿನ ಬೆಳಿಗ್ಗೆ ಮದುವೆಯ ಅಡುಗೆಯವನೇ ಬಂದ. "ಹೋದ ಸಲ ಅವರು ಮುಗಿಸುವಾಗ ಇಡ್ಲಿಯ ಹಾಗೆ ಮೆತ್ತಗಿದ್ದ ಸಾನ್ನ ಕಲ್ಲಾಗಿತ್ತು. ಜನ ಬೈದದ್ದು ನನಗೆ!"

ಒಂದು ಕಡೆ ಊಟಕ್ಕೆ ಕಾಯುವ ನಾನೂರು ಹೊಟ್ಟೆ, ಇನ್ನೊಂದು ಕಡೆ ಆ ಚೀಟಿ. ಅದನ್ನು ಇನ್ನೊಮ್ಮೆ ಓದಿ ಕೆಲಸಕ್ಕೆ ಕೂತೆ. ಮೂರೂವರೆಗೇ ಹಲ್ಲು ಸೇರಿಸಿ ಉಜ್ಜಿ ಹೊಳಪು ಕೊಟ್ಟು ಇಟ್ಟೆ. ಮಾಸ್ಟ್ರು ಸೆಟ್ಟು ಹಾಕಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ನನ್ನನ್ನೂ ರಿಕ್ಷಾದಲ್ಲಿ ಕೂರಿಸಿ ಮದುವೆಗೆ ಕರಕೊಂಡು ಹೋದರು.

ಟೋಸ್ಟ್ ಒಂದು ಗಂಟೆ ಹತ್ತು ನಿಮಿಷ ನಡೆಯಿತು. ಮದುಮಗಳು ಒಬ್ಬಳು ಮಾತ್ರ ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಪೂರ್ತಿ ಕೇಳಿದಳು. ಇನ್ನೇನು ಮುಗಿಯಿತು ಎನ್ನುವಾಗ ಮಾಸ್ಟ್ರು ನನ್ನ ಕಡೆ ಕೈ ತೋರಿಸಿದರು. "ನಾನು ಇವತ್ತು ನಿಮ್ಮ ಮುಂದೆ ಮಾತಾಡುತ್ತಿರುವುದಕ್ಕೆ ಕಾರಣ, ಅಗೋ, ಆ ಮಹಾನುಭಾವರು!"

ಹಸಿದ ಇಡೀ ಹಾಲ್ ತಿರುಗಿ ನನ್ನನ್ನು ನೋಡಿತು.

ಊಟಕ್ಕೆ ಕೂತಾಗ ಅಡುಗೆಯವನು ತಾನೇ ಬಡಿಸಲು ಬಂದ. ಹಂದಿ ಮಾಂಸದ ಪಾತ್ರೆಗೆ ಸೌಟು ಹಾಕಿ, ಹುಡುಕಿ ಹುಡುಕಿ, ಎಲ್ಲಕ್ಕಿಂತ ದೊಡ್ಡ ಎಲುಬನ್ನು ನನ್ನ ಮುಂದಿಟ್ಟ.

"ಜೋರು ಕಚ್ಚಿ" ಎಂದ. "ಒಂದು ಹಲ್ಲು ಹೋದರೆ ನಿಮಗೆಂತ? ಸೇರಿಸುವವರು ನೀವೇ ಅಲ್ಲವಾ?"