ಎಂಟಾಣೆ ಉಳಿಸಲು ಹೋಗಿ ಸುವರ್ಣಗೆಡ್ಡೆ ತಂದದ್ದು

ಇನ್ನು ಮುಂದೆ ಕಾರ್ಕಳದ ಯಾವ ಅಂಗಡಿಯೂ ನನ್ನ ಎಂಟಾಣೆ ನುಂಗಲಾರದು ಎಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜುತ್ತಾ. ಬಾಯಿತುಂಬ ನೊರೆಯಿದ್ದುದರಿಂದ ಘೋಷಣೆಯ ಗಾಂಭೀರ್ಯ ಸ್ವಲ್ಪ ಚರಂಡಿಗೆ ಹರಿಯಿತು!

“ಘೋಷಣೆ ಆಮೇಲೆ ಮಾಡಿ ಮಾರಾಯ್ರೆ,” ಎಂದಳು ಹೆಂಡತಿ ಗುಣವತಿ. “ಹನ್ನೊಂದು ಗಂಟೆಗೆ ಕಲ್ಯಾಣಪುರದವರು ಬರ್ತಾರೆ. ಪಾಯಸಕ್ಕೆ ಬೆಲ್ಲ ಇಲ್ಲ. ಬೆಲ್ಲ, ಹೆಸರುಬೇಳೆ, ಗೋಡಂಬಿ ತಂದುಬಿಡಿ.”

ಕಲ್ಯಾಣಪುರದವರೆಂದರೆ ದೂಮಪ್ಪ ಮತ್ತು ಸರಸ ದಂಪತಿ. ಅವರ ಮಗ ಕೀರ್ತನ್, ನಮ್ಮ ಮಗಳು ಮೋಕ್ಷಾ ಪರಸ್ಪರ ಒಪ್ಪಿಯಾಗಿತ್ತು. ಹಿರಿಯರು ಒಪ್ಪುವುದಷ್ಟೇ ಬಾಕಿ.

ಸೂಪರ್ ಮಾರ್ಕೆಟಿನ ಕೌಂಟರಿನಲ್ಲಿ ವಿಲ್ಮಾ ಎಂಬ ಹುಡುಗಿ ಬಿಲ್ಲು ಮಾಡಿದಳು. “ಮುನ್ನೂರ ಹದಿನೆಂಟೂವರೆ. ಮುನ್ನೂರ ಹತ್ತೊಂಬತ್ತು ಕೊಡಿ ಅಂಕಲ್.”

“ಎಂಟಾಣೆ ಹೆಚ್ಚು ಯಾಕೆ?”

“ಎಂಟಾಣೆ ಈಗ ಎಲ್ಲಿ ಉಂಟು ಅಂಕಲ್? ಅರ್ಧ ಆದ್ರೆ ಮೇಲಕ್ಕೆ, ಅರ್ಧಕ್ಕಿಂತ ಕಡಿಮೆ ಆದ್ರೆ ಕೆಳಕ್ಕೆ. ಕಂಪ್ಯೂಟರೇ ಮಾಡುದು. ಬೇಕಾದ್ರೆ ಫೋನಿನಲ್ಲಿ ಕಳಿಸಿ, ಪೈಸೆ ಸಮೇತ ಬರ್ತದೆ.”

“ನೋಟು ಕೊಡುವವನಿಗೆ ಮರ್ಯಾದೆ ಇಲ್ವಾ?” ಎಂದು ಗುಡುಗಿದೆ. ಫೋನು ಮನೆಯಲ್ಲಿ ಚಾರ್ಜಿಗಿಟ್ಟಿದ್ದೆ ಎಂಬುದನ್ನು ಹೇಳಲಿಲ್ಲ.

ಆಗಲೇ ನನ್ನ ತಲೆಯಲ್ಲಿ ದೀಪ ಹತ್ತಿತು. ಅರ್ಧಕ್ಕಿಂತ ಕಡಿಮೆಯಾದರೆ ಲಾಭ ನನ್ನದಲ್ಲವೇ? ಬಿಲ್ಲು ಹಿಡಿದ ವೀರನಂತೆ ತರಕಾರಿ ವಿಭಾಗಕ್ಕೆ ನುಗ್ಗಿದೆ. ಒಂದು ಬಟಾಟೆ ತೂಗಿಸಿ ತಂದೆ. ಬಿಲ್ಲಿನ ಬಾಲದಲ್ಲಿ ಎಪ್ಪತ್ತಮೂರು ಪೈಸೆ! ಮೇಲಕ್ಕೆ. ಎರಡು ಈರುಳ್ಳಿ ಸೇರಿಸಿದೆ. ಐವತ್ತೆಂಟು! ಮತ್ತೆ ಮೇಲಕ್ಕೆ. ಬಿಲ್ಲು ರೌಂಡ್ ಆಗುವ ಮೊದಲು ನಾನೇ ಅಂಗಡಿಗೆ ನಾಲ್ಕು ರೌಂಡ್ ಹೊಡೆದೆ. ಕೊನೆಗೆ ಮಗುವಿನಂತೆ ಅಪ್ಪಿಕೊಂಡು ತಂದದ್ದು ಒಂದು ಇಡೀ ಸುವರ್ಣಗೆಡ್ಡೆ. ಆಗಲೂ ಮೇಲಕ್ಕೇ!

ನನ್ನ ಹಿಂದಿನ ಸಾಲು ಬಾಗಿಲು ದಾಟಿ ಹೊರಗೆ ಹೋಗಿತ್ತು. “ಅಂಕಲ್, ಆ ಎಂಟಾಣೆ ನಾನೇ ಕೊಡ್ತೇನೆ, ನೀವು ಒಮ್ಮೆ ಹೋಗಿ!” ಎಂದು ಯಾರೋ ಅಂಗಲಾಚಿದರು. ನ್ಯಾಯವನ್ನು ದಾನವಾಗಿ ಪಡೆಯುವವನೇ ನಾನು?

“ಯಾವುದಾದ್ರೂ ಒಂದು ತೆಗೆದು ನೋಡು,” ಎಂದೆ. ವಿಲ್ಮಾ ಕೈಗೆ ಸಿಕ್ಕ ಪೊಟ್ಟಣವನ್ನು ಬದಿಗಿಟ್ಟು ಗುಂಡಿ ಒತ್ತಿದಳು. ಆರುನೂರ ನಲವತ್ತೊಂದು ರೂಪಾಯಿ ನಲವತ್ತೊಂಬತ್ತು ಪೈಸೆ!

“ಕೆಳಕ್ಕೆ!” ಎಂದು ನಾನೂ ವಿಲ್ಮಾಳೂ ಒಟ್ಟಿಗೆ ಕೂಗಿದೆವು. ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು. ಅದು ನನ್ನ ಗೆಲುವಿಗೆ ಎಂದೇ ತಿಳಿದು ಕೈಮುಗಿದೆ.

ಗೆಡ್ಡೆಯ ಭಾರಕ್ಕೆ ರಿಕ್ಷಾ ಹಿಡಿಯಬೇಕಾಯಿತು. ಮನೆ ಸೇರುವಾಗ ದೂಮಪ್ಪ ದಂಪತಿ ಸೋಫಾದಲ್ಲಿದ್ದರು. ನಮಸ್ಕರಿಸಲು ಕೈ ಎತ್ತಿದೆ. ಚೀಲ ಬಾಯಿ ಬಿಟ್ಟಿತು. ಸುವರ್ಣಗೆಡ್ಡೆ ಉರುಳಿಕೊಂಡು ಹೋಗಿ ಬೀಗರಾಗಬೇಕಾದವರ ಕಾಲಿಗೆ ಅಡ್ಡಬಿತ್ತು!

ಅಡುಗೆಮನೆಯಲ್ಲಿ ಗುಣವತಿ ಪಿಸುಗುಟ್ಟಿದಳು: “ಬೆಲ್ಲ ಎಲ್ಲಿ?”

ನಾನು ಉತ್ಸಾಹದಿಂದ ವಿವರಿಸಿದೆ. ಅರ್ಧ ಆದರೆ ಮೇಲಕ್ಕೆ, ಕಡಿಮೆಯಾದರೆ ಕೆಳಕ್ಕೆ, ನಲವತ್ತೊಂಬತ್ತು ಪೈಸೆ ಲಾಭ...

“ನಾನು ಕೇಳಿದ್ದು ಬೆಲ್ಲ.”

ಚೀಲ ಕೊಡವಿದೆ. ಬೇಳೆ ಬಂತು, ಗೋಡಂಬಿ ಬಂತು. ವಿಲ್ಮಾ ಬದಿಗಿಟ್ಟ ಪೊಟ್ಟಣ ಯಾವುದೆಂದು ಆಗ ಹೊಳೆಯಿತು.

ಗುಣವತಿ ಗೆಡ್ಡೆಯನ್ನು ತುಂಡು ತುಂಡು ಮಾಡಿದಳು. ಕತ್ತಿ ಆಡುತ್ತಿದ್ದ ರಭಸ ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಚಹಾದೊಂದಿಗೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಗೆಡ್ಡೆಯ ಬಿಸಿಬಿಸಿ ಪೋಡಿ ಬಂತು. ದೂಮಪ್ಪನವರು ಮೂರು ತಿಂದರು. ಆಮೇಲೆ ಗಂಟಲು ಕೆರೆದುಕೊಂಡರು. ಸರಸಮ್ಮನೂ ಕೆರೆದುಕೊಂಡರು. ಅವಸರದಲ್ಲಿ ಗೆಡ್ಡೆಯ ತುರಿಕೆ ತೆಗೆಯದೆ ಕರಿದದ್ದು!

“ಏನಿಲ್ಲ, ಏನಿಲ್ಲ,” ಎಂದರು ದೂಮಪ್ಪ, ಕಣ್ಣಲ್ಲಿ ನೀರು ತುಂಬಿಕೊಂಡು. “ಸ್ವಲ್ಪ ಹುಣಿಸೆಹುಳಿ ಕೊಡಿ. ಜೊತೆಗೆ ಒಂದು ತುಂಡು ಬೆಲ್ಲ ಉಂಟಾ?”

ಗುಣವತಿ ನನ್ನನ್ನು ನೋಡಿದಳು. ಮೋಕ್ಷಾ ನನ್ನನ್ನು ನೋಡಿದಳು. ಸಂಬಂಧ ಮುರಿದೇಬಿಟ್ಟಿತು ಎಂದುಕೊಂಡು, ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ಸರಸಮ್ಮ ಮೊದಲು ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ನಾನು ಹೆದರಿದರೆ, ಅವರು ನಗುತ್ತಿದ್ದರು! “ನಮ್ಮ ಮನೆಯಲ್ಲಿ ಕೂಡ ಇಂಥದ್ದೇ ಒಂದು ಉಂಟು ಗುಣವತಿಯಕ್ಕ. ಕೊಬ್ಬರಿ ಎಣ್ಣೆಗೆ ಕಳಿಸಿದ್ರೆ ಡಿಸ್ಕೌಂಟು ಅಂತ ಏಣಿ ತಂದ ಜನ!” ದೂಮಪ್ಪನವರು ಹುಣಿಸೆಹುಳಿ ಚೀಪುತ್ತಾ ತಲೆ ತಗ್ಗಿಸಿದರು. ಆ ಕ್ಷಣವೇ ಸಂಬಂಧ ಗಟ್ಟಿಯಾಯಿತು.

ನನಗೆ ಹೋದ ಜೀವ ಬಂತು. ಎದೆ ಉಬ್ಬಿಸಿ ಕುಳಿತೆ.

“ನೀವು ನನಗಿಂತ ಸಣ್ಣವರು ಅಂತ ಕಾಣ್ತದೆ. ಪ್ರಾಯ ಎಷ್ಟಾಯಿತು?” ಎಂದು ಕೇಳಿದರು ದೂಮಪ್ಪ.

“ಐವತ್ತೊಂಬತ್ತು,” ಎಂದೆ, ಹೊಟ್ಟೆ ಒಳಗೆ ಎಳೆದುಕೊಂಡು.

“ಐವತ್ತೊಂಬತ್ತೂವರೆ,” ಎಂಬ ಗುಣವತಿಯ ದನಿ ಅಡುಗೆಮನೆಯಿಂದ ತೇಲಿಬಂತು. “ಅರ್ಧ ಆದ್ರೆ ಮೇಲಕ್ಕೆ. ಅರುವತ್ತು ಅಂತಲೇ ತಿಳ್ಕೊಳ್ಳಿ!”